ನೀಲಗಂಗಾ ಎಂಬ ಆರೋಪಿ

ಶೇಂಗಾ ಹುರಿಯುವಾಗ ಫೋನ್ ಹಿಡಿಯಬಾರದು. ಒಂದು ಗಳಿಗೆ ಲಕ್ಷ್ಯ ತಪ್ಪಿದರೆ ಕಾಳು ಕರಕಾಗಿ ಚಟ್ನಿಯೆಲ್ಲ ಕಹಿಯಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ದಿನ ನಾನೇ ಫೋನ್ ಹಚ್ಚಿ, ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಬಾಣಲೆಯಲ್ಲಿ ಕೈಯಾಡಿಸುತ್ತ ನಿಂತಿದ್ದೆ. ಶ್ರಾವಣ ಹತ್ತಿರ ಬಂದಿತ್ತು, ಆರ್ಡರ್ ಹೆಚ್ಚುವ ಕಾಲ. ಪೇಠಜೋಡಿ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಪೇಠಜೋಡಿ ಪುಣೆಯ ಒಂದು ಕಂಪನಿ. ಮನೆಯಲ್ಲಿ ಮಾಡಿದ್ದನ್ನು ಫೋನಿನಲ್ಲೇ ಅಂಗಡಿ ತೆರೆದು ಮಾರಲು ಅನುಕೂಲ ಮಾಡಿಕೊಡುತ್ತದೆ. ಸೋಲಾಪುರದ ನಮ್ಮ ಅಡುಗೆಮನೆಯ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮುಂಬೈ, ನಾಸಿಕದವರೆಗೆ ಹೋಗುವುದು ಅದರ ಮೂಲಕವೇ. ಬೆಳಿಗ್ಗೆಯಿಂದ ಎಷ್ಟು ಸಲ ಪಾಸ್‌ವರ್ಡ್ ಒತ್ತಿದರೂ ಅದು ತಪ್ಪು, ತಪ್ಪು ಎಂದು ಕೆಂಪಗಾಗುತ್ತಿತ್ತು. ಒಳಗೆ ಯಾರ್‍ಯಾರ ಆರ್ಡರ್ ಬಂದು ಕೂತಿದೆಯೋ ನೋಡುವ ದಾರಿಯಿಲ್ಲ.

ಗ್ರಾಹಕ ಸೇವೆಯಲ್ಲಿ ಫೋನ್ ಎತ್ತಿದವಳು ತನ್ನ ಹೆಸರು ಯೋಗಿತಾ ಎಂದಳು. ಸಿಹಿಯಾದ ಮರಾಠಿ. ನನ್ನ ಮೊಬೈಲ್ ನಂಬರ್ ಕೇಳಿ, ಏನೋ ಒತ್ತಿ, “ಸ್ನೇಹಲ ಮ್ಯಾಡಮ್ ಅಲ್ಲವೇ?” ಎಂದಳು. ಹೌದೆಂದೆ.

“ಮ್ಯಾಡಮ್, ನೀವು ನಡುವಿನ ಚಿಹ್ನೆ ಬಿಡುತ್ತಿದ್ದೀರಿ ಅನಿಸುತ್ತದೆ. ನಿಮ್ಮ ಪಾಸ್‌ವರ್ಡ್ ನೀಲಗಂಗಾ, ಆಮೇಲೆ ಆ ಸುತ್ತಿದ ‘ಎ’, ಅಂದರೆ ‘ಅಟ್’ ಚಿಹ್ನೆ ಇದೆಯಲ್ಲ ಅದು, ಆಮೇಲೆ ಮೈಂದರ್ಗಿ, ಕೊನೆಗೆ ಒಂದು. ಸರಿಯೇ?”

ನನ್ನ ಕೈ ಬಾಣಲೆಯಲ್ಲೇ ನಿಂತಿತು.

“ಅದು ನಿಮಗೆ ಹೇಗೆ ಗೊತ್ತು?” ಎಂದೆ.

“ನಮ್ಮ ಪರದೆಯ ಮೇಲೆ ಎಲ್ಲ ಕಾಣಿಸುತ್ತದೆ ಮ್ಯಾಡಮ್. ಗ್ರಾಹಕರ ಅನುಕೂಲಕ್ಕೆ.”

“ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ವಾರಕ್ಕೊಮ್ಮೆ ಸಂದೇಶ ಕಳಿಸುವವರು ನೀವೇ. ನಾನು ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ನಿಮಗೂ ಹೇಳಿಲ್ಲ.”

“ಅದೇ ಮ್ಯಾಡಮ್, ನೀವು ಹೇಳುವ ಅಗತ್ಯವೇ ಇಲ್ಲ,” ಎಂದಳು ಪುಣ್ಯಾತ್ಗಿತ್ತಿ, ದೊಡ್ಡ ಉಪಕಾರ ಮಾಡಿದವಳಂತೆ. ಅವಳ ಹಿಂದೆ ಇನ್ನಷ್ಟು ದನಿಗಳು ಕೇಳುತ್ತಿದ್ದವು. ಎಷ್ಟು ಪರದೆಗಳೋ, ಎಷ್ಟು ಮಂದಿಯೋ! ನಾನು ದನಿ ಏರಿಸಿದೆ. ಅವಳ ಮೇಲಿನವರನ್ನು ಕರೆಯಲು ಹೇಳಿದೆ. ಮೇಲಿನವರು ಮೀಟಿಂಗಿನಲ್ಲಿದ್ದರು, ಅವರು ಯಾವಾಗಲೂ ಅಲ್ಲೇ ಇರುತ್ತಾರೆ. “ಗಾಬರಿಯಾಗಬೇಡಿ ಮ್ಯಾಡಮ್, ಮತ್ತೆ ಮರೆಯದಿರಲಿ ಎಂದು ಪಾಸ್‌ವರ್ಡನ್ನು ನಿಮ್ಮ ಮೇಲ್‌ಗೂ ಕಳಿಸಿದ್ದೇನೆ,” ಎಂದು ಯೋಗಿತಾ ಫೋನ್ ಇಟ್ಟಳು. ಕಾಳು ಕರಕಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ನಾನು ಯಾಕೆ ಇಷ್ಟು ಸಿಡಿದೆ ಎಂದು ಹೇಳಬೇಕು. ಆ ಪಾಸ್‌ವರ್ಡ್ ನನ್ನ ಹೆಸರು.

ಮೈಂದರ್ಗಿಯ ಸಾತಲಿಂಗಪ್ಪನ ಮಗಳು ನೀಲಗಂಗಾ ನಾನು. ಅಜ್ಜಿಯ ಹೆಸರು ಅದು. ಕನ್ನಡ ಸಾಲೆಯಲ್ಲಿ ಕಲಿತವಳು. ಸೋಲಾಪುರದ ಕಾಳುಕಡಿ ವ್ಯಾಪಾರಿ ಮಲಕಾಜಪ್ಪನವರ ಮನೆಗೆ ನನ್ನನ್ನು ಕೊಟ್ಟರು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿಯಿದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಚಿನ್ನದ ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಇವರೂ ಬರೆದರು, ಮರಾಠಿ ಅಕ್ಷರಗಳಲ್ಲಿ. ಎದುರು ಕೂತ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಕೂಡಿಸಿ ಓದಿ, “ಸ್ನೇಹಲ ಅಂದ್ರ ಯಾರ್ರಿ?” ಎಂದು ಕೇಳಿಬಿಟ್ಟೆ. ಮಂಟಪವೆಲ್ಲ ನಕ್ಕಿತು. ಅಂದಿನಿಂದ ನಾನು ಸ್ನೇಹಲ. ಆಧಾರ್‌ನಲ್ಲಿ, ರೇಷನ್ ಕಾರ್ಡಿನಲ್ಲಿ, ಅತ್ತೆಯ ಕೂಗಿನಲ್ಲಿ, ಎಲ್ಲ ಕಡೆ ಸ್ನೇಹಲ.

ತವರಿನಲ್ಲಿ ಕರೆಯುತ್ತಿರಲಿಲ್ಲವೇ ಎಂದು ಕೇಳಬಹುದು. ಅಪ್ಪ, ಅವ್ವ ಇರುವವರೆಗೆ ಕರೆದರು. ಅವರು ಹೋದ ಮೇಲೆ ತಮ್ಮಂದಿರಿಗೆ ನಾನು ಅಕ್ಕ, ಅವರ ಮಕ್ಕಳಿಗೆ ಅತ್ತಿ. ಹೆಸರು ಹಿಡಿದು ಕರೆಯುವಷ್ಟು ದೊಡ್ಡವರು ಯಾರೂ ಉಳಿಯಲಿಲ್ಲ. ಮಗಳು ಪ್ರಣಿತಾಳ ಮದುವೆಯಲ್ಲಿ ಮಾತ್ರ ಹೆಸರು ಬದಲಿಸಲಿಲ್ಲ. ಪಾಸ್‌ಪೋರ್ಟ್, ಬ್ಯಾಂಕು ಎಲ್ಲ ತಿದ್ದಿಸುತ್ತ ಕೂರಬೇಕಾಗುತ್ತದೆ, ಬೇಡ ಎಂದು ಅಳಿಯನೇ ಹೇಳಿದ. ನನ್ನ ಹೆಸರಿನಲ್ಲಿ ಯಾವ ಪಾಸ್‌ಪೋರ್ಟೂ ಇರಲಿಲ್ಲ, ಹಾಗಾಗಿ ಅದು ಯಾರಿಗೂ ಅಡ್ಡ ಬರಲಿಲ್ಲ.

ಪ್ರಣಿತಾ ಲಾತೂರಿಗೆ ಹೋಗುವ ಮುಂಚೆ ನನಗೆ ಪೇಠಜೋಡಿಯಲ್ಲಿ ಅಂಗಡಿ ತೆಗೆದುಕೊಟ್ಟಳು. ನನಗೆ ಮೇಲ್ ಇರಲಿಲ್ಲ, ಅವರಪ್ಪನದೇ ಹಾಕಿದಳು. “ಮಮ್ಮಿ, ಪಾಸ್‌ವರ್ಡ್ ನೀನ ಇಡು. ಪಪ್ಪಾನ ಹೆಸರ ಬ್ಯಾಡ, ನನ್ನ ಹೆಸರ ಬ್ಯಾಡ. ಈ ಮನ್ಯಾಗ ಯಾರಿಗೂ ಗೊತ್ತಿರಬಾರದು, ಅಂಥಾದ್ದು ಇಡು,” ಎಂದು ಆ ಕಡೆ ಮುಖ ತಿರುಗಿಸಿ ನಿಂತಳು. ನಾನು ಕುಳಿತು ಯೋಚಿಸಿದೆ. ಈ ಮನೆಯಲ್ಲಿ ನನ್ನದೆನ್ನುವ ಯಾವ ಸಂಗತಿ ಯಾರಿಗೂ ಗೊತ್ತಿಲ್ಲ? ನನ್ನ ಮೊಣಕಾಲು ನೋವು ಹಾಲಿನವನಿಗೂ ಗೊತ್ತು. ಆಗ ಹೊಳೆಯಿತು. ಬರೆದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಫೋನ್ ಹಿಡಿದು ಆ ಹೆಸರು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಪರದೆಯ ಮೇಲೆ ಬರೀ ಚುಕ್ಕಿ ಕಾಣುತ್ತಿದ್ದವು, ಬೆರಳಿಗೆ ಮಾತ್ರ ಗೊತ್ತು. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ನನಗೊಂದು ಸುಖವಿತ್ತು. ಅದನ್ನು ಯೋಗಿತಾ ಮಾರ್ಕೆಟ್ಟಿನಲ್ಲಿ ಕೂಗುವಂತೆ ಕೂಗಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಇವರು ಅಂಗಡಿಯಿಂದ ಓಡೋಡಿ ಬಂದರು. ಇವರ ಹೆಸರು ಉದಯಕುಮಾರ. ಬರೆಯಬಹುದು, ಬಾಯಲ್ಲಿ ಹೇಳುವುದಿಲ್ಲ, ಅದು ನಮ್ಮ ಮನೆತನದ ರೀತಿ. ಕೈಯಲ್ಲಿ ಫೋನ್, ಹಣೆಯಲ್ಲಿ ಬೆವರು.

“ಸ್ನೇಹಲ, ನಿನ್ನ ಖಾತಾ ಹ್ಯಾಕ್ ಆಗೇತಿ!”

“ಯಾರ ಹೇಳಿದ್ರು?”

“ಕಂಪನಿಯವರ ಮೇಲ್ ಕಳಿಸ್ಯಾರ. ನೋಡಿಲ್ಲೆ, ನಿನ್ನ ಪಾಸವರ್ಡ್ ಅಂತ ಏನ ಬರದಾರ ನೋಡು. ನೀಲಗಂಗಾ! ಮೈಂದರ್ಗಿ! ಯಾವಾಕಿನೋ ನೀಲಗಂಗಾ ಅನ್ನಾಕಿ ಒಳಗ ಹೊಕ್ಕು ತನ್ನ ಹೆಸರ ಇಟ್ಟ ಹೋಗ್ಯಾಳ. ಎಂಥಾ ಸೊಕ್ಕ ಇರಬೇಕು!”

ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ! ಆ ಹೆಸರನ್ನು ಅಕ್ಕಿಯಲ್ಲಿ ಅಳಿಸಿದ ಬೆರಳಿಗೇ ಗೊತ್ತಿಲ್ಲ. ಇವರ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಮರೆತಿಲ್ಲ. ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಾನಾಗಿಯೇ ನೆನಪಾಗಲಿ, ನೋಡೋಣ, ಎಲ್ಲಿಯವರೆಗೆ ನೆನಪಾಗುವುದಿಲ್ಲವೋ ಎಂದು ಹಟ ಹಿಡಿದೆ.

“ಮೈಂದರ್ಗಿ ನನ್ನ ತವರಮನಿ ಅಲ್ಲೇನ್ರಿ?” ಎಂದೆ.

“ಅದನ್ನ ಹೇಳಾಕತ್ತೀನಿ! ನಿನ್ನ ಗುರ್ತಿನಾಕಿನ ಇರಬೇಕು. ನಿನ್ನ ಚಟ್ನಿ ಮುಂಬೈಕ ಹೋಗೂದು ನೋಡಿ ಹೊಟ್ಟಿಕಿಚ್ಚು. ಏಳು, ಅಕ್ಕಲಕೋಟಕ್ಕ ಹೋಗೂಣು. ಮೈಂದರ್ಗಿ ಅಂದ್ರ ಆ ತಾಲೂಕಾ. ಅಲ್ಲೇ ಪೊಲೀಸರಿಗೆ ತಕ್ರಾರ ಕೊಟ್ರ ಅಕಿನ್ನ ಲಗೂನ ಹಿಡಕೊಂಡ ಬರ್ತಾರ.”

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ಇವರದು. ಕಾರು ತೆಗೆದರು. ನಾನು ಸೀರೆ ಬದಲಿಸಿ ಹತ್ತಿ ಕೂತೆ.

ದಾರಿಯುದ್ದಕ್ಕೂ ನೀಲಗಂಗಾಗೆ ಬೈಗುಳ. ಹಲ್ಕಟ್ ಹೆಂಗಸು, ಕಲಿತ ಕಳ್ಳಿ, ಅವಳ ಗಂಡನೇ ಸರಿಯಿಲ್ಲ, ಅವನು ಹದ್ದುಬಸ್ತಿನಲ್ಲಿಟ್ಟಿದ್ದರೆ ಇವಳು ಹೀಗೆ ಮಾಡುತ್ತಿದ್ದಳೇ? ಆ ಕೊನೆಯ ಮಾತಿಗೆ ನನಗೆ ನಗು ಬಂತು, ಕಿಟಕಿಯ ಕಡೆ ತಿರುಗಿದೆ. ವಳಸಂಗ ದಾಟಿದ ಮೇಲೆ ಇನ್ನೊಂದು ಅವಕಾಶ ಕೊಟ್ಟೆ.

“ನಮ್ಮ ಲಗ್ನಪತ್ರಿಕಾ ನೆನಪೈತೇನ್ರಿ?”

“ಈಗ್ಯಾಕ ಅದು?”

“ಸುಮ್ನ ಕೇಳಿದೆ.”

“ನೆನಪಿಲ್ದ ಏನು? ಕೆಂಪ ಕಾಗದ, ಮ್ಯಾಲ ಬಂಗಾರದ ಬಣ್ಣದ ಗಣಪತಿ. ನಮ್ಮ ಅಂಗಡಿ ಪತ್ತಾ ತಪ್ಪ ಛಾಪಿಸಿದ್ರು, ನಮ್ಮ ಅಪ್ಪಾರು ಪ್ರೆಸ್‌ನವನ ಜೋಡಿ ಜಗಳಾಡಿ ಮತ್ತ ಛಾಪಿಸಿದ್ರು.” ಇವರು ಹೆಮ್ಮೆಯಿಂದ ಸ್ಟೀರಿಂಗ್ ತಟ್ಟಿದರು.

ಗಣಪತಿ ನೆನಪಿದ್ದಾನೆ. ಅಂಗಡಿಯ ವಿಳಾಸ ನೆನಪಿದೆ. ಅದರ ನಡುವೆ ದಪ್ಪ ಅಕ್ಷರದಲ್ಲಿದ್ದ ಎರಡು ಹೆಸರಿನಲ್ಲಿ ಒಂದು ಮಾತ್ರ ನೆನಪಿದೆ.

ಗುರುವಾರವಾದ್ದರಿಂದ ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರ ಗಾಡಿಗಳು ಕಿಕ್ಕಿರಿದಿದ್ದವು. ಕಾರು ದೂರ ನಿಲ್ಲಿಸಿ ಠಾಣೆಗೆ ನಡೆದು ಹೋದೆವು. ತಕ್ರಾರ ಬರೆದುಕೊಳ್ಳುತ್ತಿದ್ದ ಜಮಾದಾರರ ಹೆಸರು ನಾಮದೇವ. ನಡುವಯಸ್ಸಿನ, ಸಾವಧಾನದ ಮನುಷ್ಯ. ನಮ್ಮಿಬ್ಬರಿಗೂ ಕುರ್ಚಿ ಕೊಟ್ಟರು. ಇವರು ಒಂದೇ ಉಸಿರಿಗೆ ಎಲ್ಲ ಹೇಳಿದರು. ನಾಮದೇವರು ಮೇಲ್ ನೋಡಿದರು, ಬರೆದುಕೊಂಡರು.

“ಈ ನೀಲಗಂಗಾ ಅನ್ನಾಕಿ ನಿಮಗ ಗೊತ್ತೇನ್ರಿ?” ಎಂದು ಇವರನ್ನು ಕೇಳಿದರು.

“ಇಲ್ರಿ ಸಾಹೇಬ್ರ. ಅಕಿ ಮಾರಿ ಸುದ್ದಾ ನೋಡಿಲ್ಲ ನಾ.”

ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತಿದ್ದೆ. ಈಗಲೂ ಹೇಳಬಹುದಿತ್ತು. ಮಾರಿ ನೋಡಿಲ್ಲ ಎಂಬ ಮಾತು ಕೇಳಿದ ಮೇಲೆ ನನ್ನ ಬಾಯಿ ಇನ್ನಷ್ಟು ಬಿಗಿಯಿತು.

“ಮೈಂದರ್ಗ್ಯಾಗ ನಮ್ಮ ಸಿದ್ಧೇಶ್ವರ ಅದಾನ, ಸ್ಟ್ಯಾಂಡ್ ಹಂತ್ಯಾಕ ಚಹಾದ ಹಾಟೇಲ ಐತಿ. ಊರಾಗಿನ ಎಲ್ಲಾರನೂ ಬಲ್ಲ. ಕೇಳೂಣು ತಡೀರಿ,” ಎಂದು ನಾಮದೇವರು ಫೋನ್ ಹಚ್ಚಿ, ಮೇಜಿನ ಮೇಲಿಟ್ಟು, ನಮಗೂ ಕೇಳುವಂತೆ ಸ್ಪೀಕರ್ ಹಾಕಿದರು. ಬರೆಯಲು ಪೆನ್ ಹಿಡಿದರು.

“ಸಿದ್ಧು, ನಿಮ್ಮೂರಾಗ ನೀಲಗಂಗಾ ಅಂತ ಯಾರರ ಅದಾರೇನೋ?”

ಆ ಕಡೆ ಕಪ್-ಬಸಿಗಳ ಸದ್ದು. “ನೀಲಗಂಗಾ? ಈಗ ಆ ಹೆಸರಿನಾಕಿ ಊರಾಗ ಯಾರೂ ಇಲ್ರಿ. ಒಬ್ಬಾಕಿ ಇದ್ಲು, ಸಾತಲಿಂಗಪ್ಪ ಕಾಕಾನ ಮಗಳು. ಸಾಲ್ಯಾಗ ನನ್ನ ವರ್ಗದಾಗ ಇದ್ಲ್ರಿ, ಮಗ್ಗಿ ಅಕಿನ ಹೇಳಸ್ತಿದ್ಲು. ತಪ್ಪಿದ್ರ ಕಿವಿ ಹಿಂಡ್ತಿದ್ಲು.”

“ಈಗೆಲ್ಲಿ ಅದಾಳ?”

“ಸೋಲಾಪುರಕ್ಕ ಕೊಟ್ಟಾರಲ್ರಿ. ಕಾಳಕಡಿ ಅಂಗಡಿ ಮಲಕಾಜಪ್ಪ ಅಂತ ಅದಾರಲ್ಲ, ಅವರ ಸೊಸಿ. ಯಾಕ್ರಿ ಸಾಹೇಬ್ರ? ನೀಲಗಂಗಾ ಅರಾಮ ಅದಾಳಿಲ್ಲ?”

ನಾಮದೇವರ ಪೆನ್ ನಿಂತಿತು. ತಾವು ಬರೆದಿದ್ದ ಮೊದಲ ಸಾಲನ್ನು ನೋಡಿದರು. ತಕ್ರಾರದಾರ, ಉದಯಕುಮಾರ ಮಲಕಾಜಪ್ಪ. ಆಮೇಲೆ ಇವರನ್ನು ನೋಡಿದರು, ಆಮೇಲೆ ನನ್ನನ್ನು.

“ಅರಾಮ ಅದೀನಿ ಸಿದ್ಧು,” ಎಂದೆ ಫೋನಿಗೆ ಬಗ್ಗಿ. ಎಂದೋ ಕಿವಿ ಹಿಂಡಿಸಿಕೊಂಡವನಿಗೆ ನೆನಪಿದೆ, ದಿನಾ ನನ್ನ ಕೈಯ ರೊಟ್ಟಿ ತಿಂದವರಿಗೆ ಇಲ್ಲ! ಆಮೇಲೆ ನಾಮದೇವರಿಗೆ ಹೇಳಿದೆ, “ಬರಕೋರಿ ಸಾಹೇಬ್ರ. ಆರೋಪಿ ಹಾಜರ ಅದಾಳ.”

ಇವರು ನನ್ನ ಕಡೆ ತಿರುಗಿದರು. “ನೀ ಮದಲ ಯಾಕ ಹೇಳಲಿಲ್ಲ?”

“ಹೇಳೂದೇನೈತಿ? ನಿಮಗ ಗೊತ್ತಿದ್ದದ್ದನ್ನ ನಿಮಗ ಹೇಳ್ಲೇನು?”

ಇವರು ತಲೆ ತಗ್ಗಿಸಿದರು. ಪಾಪ ಎನಿಸಲಿಲ್ಲ ನನಗೆ. ಆಗ ಅನಿಸಲೇ ಇಲ್ಲ.

ನಾಮದೇವರು ಒಳ್ಳೆಯವರು, ನಗಲಿಲ್ಲ. ಚಹಾ ತರಿಸಿದರು. ಬರೆದ ಹಾಳೆಯನ್ನು ಹರಿಯಲು ಹೋದಾಗ ನಾನು ತಡೆದೆ. “ಇವರ ತಕ್ರಾರ ಮುಗೀತು. ಈಗ ನನ್ನ ತಕ್ರಾರ ಬರೀರಿ. ನಾ ಯಾರಿಗೂ ಹೇಳದ ಇಟ್ಟ ಪಾಸವರ್ಡ್ ಕಂಪನಿಯವರ ಪರದೇದ ಮ್ಯಾಲ ಎಲ್ಲಾರಿಗೂ ಕಾಣಸ್ತೈತಿ. ನನ್ನೊಬ್ಬಾಕಿದು ಅಷ್ಟ ಅಲ್ಲ, ಎಷ್ಟ ಹೆಣ್ಣಮಕ್ಕಳದೋ. ಇದನ್ನ ಬರೀರಿ.”

“ರೊಕ್ಕ ಹೋಗ್ಯಾವೇನ್ರಿ ತಾಯಿ?”

“ಇಲ್ರಿ.”

“ಮಾಲ ಏನರ?”

“ಇಲ್ಲ.”

“ಮತ್ತ ಕಳುವಾಗಿದ್ದು ಏನಂತ ಬರೀಲಿ?” ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಬರೆಯಬೇಕೆಂದೇ ಇತ್ತು.

ಹೆಸರು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಅದು ಕಳುವಾದದ್ದು ಪುಣೆಯಲ್ಲಲ್ಲ, ನಮ್ಮ ಮದುವೆಯ ಮಂಟಪದಲ್ಲಿ, ಊರಮಂದಿಯ ಕಣ್ಣೆದುರು. ಅಪ್ಪನೇ ಮುಂದೆ ನಿಂತು ಅಕ್ಕಿಯ ತಾಟು ಹಿಡಿದಿದ್ದ. ಯಾರ ಮೇಲೆ ತಕ್ರಾರ ಕೊಡಲಿ?

ನಾಮದೇವರು ಒಂದು ದಾರಿ ತೋರಿಸಿದರು. ಇಂಥ ತಕ್ರಾರಗಳನ್ನು ಫೋನಿನಲ್ಲೇ ಕೊಡಬಹುದಂತೆ, ಅದಕ್ಕೆಂದೇ ಒಂದು ವೆಬ್‌ಸೈಟ್ ಇದೆಯಂತೆ. ತೆರೆದು ನೋಡಿದೆ. ಮೊದಲು ಖಾತೆ ತೆರೆಯಿರಿ, ಒಂದು ಪಾಸ್‌ವರ್ಡ್ ಇಡಿ ಎಂದಿತು. ಫೋನನ್ನು ಪರ್ಸಿನಲ್ಲಿ ತುರುಕಿದೆ.

ತಿರುಗಿ ಬರುವಾಗ, ಸೋಲಾಪುರದ ಸಿಗ್ನಲ್ಲಿನಲ್ಲಿ, ಇವರು ಮುಂದೆ ನೋಡುತ್ತಲೇ, “ಆ ಹೆಸರ ನಾ ಆರಿಸಿದ್ದಲ್ಲ. ಸ್ನೇಹಲ ಅಂತ ನಮ್ಮ ಅಕ್ಕ ಆರಿಸಿದ್ಲು. ನಾ ಬರದೆ ಅಷ್ಟ,” ಎಂದರು.

ಮನೆಗೆ ಬಂದು ಮೊದಲು ಪಾಸ್‌ವರ್ಡ್ ಬದಲಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆಯೇ ಅದು, ಆದರೂ ಬದಲಿಸಿದೆ. ಹೊಸದು ಏನೆಂದು ನಿಮಗೂ ಹೇಳುವುದಿಲ್ಲ. ಪೇಠಜೋಡಿಗೆ ಉದ್ದದ ತಕ್ರಾರ ಬರೆದೆ. ನಮ್ಮ ಪಾಸ್‌ವರ್ಡ್ ನಿಮ್ಮ ಮಂದಿಗೆ ಕಾಣದಂತೆ ಮಾಡಿ, ಕಾಣುವಷ್ಟು ದಿನ ನಮ್ಮಿಂದ ಯಾವ ಗುಟ್ಟನ್ನೂ ಕೇಳಬೇಡಿ ಎಂದೆ. ಕೂಡಲೇ ಉತ್ತರ ಬಂತು. “ಪ್ರಿಯ ಸ್ನೇಹಲ, ನಿಮ್ಮ ಸುರಕ್ಷತೆ ನಮಗೆ ಮುಖ್ಯ. ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ.” ಮತ್ತೆ ಬರೆದೆ. ಮತ್ತೆ ಅದೇ ಉತ್ತರ, ಚುಕ್ಕಿ ಸಹಿತ ಅದೇ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಸದ್ದು ಮಾಡುತ್ತದೆ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಬಚ್ಚಿಟ್ಟದ್ದು ಹೇಗೂ ಬಯಲಾಯಿತು. ಪುಣೆಯ ಪರದೆಗಳ ಮೇಲೆ ಕಾಣುವ ಹೆಸರು ನನ್ನ ಚಟ್ನಿಯ ಪ್ಯಾಕೆಟ್ಟಿನ ಮೇಲೆ ಯಾಕೆ ಕಾಣಬಾರದು? ‘ಸ್ನೇಹಲ ಗೃಹ ಉದ್ಯೋಗ’ ತೆಗೆದು ‘ನೀಲಗಂಗಾ’ ಎಂದು ಮಾಡಿಸಬೇಕು. ಅಂಗಡಿಯ ಹೆಸರು ಬದಲಿಸಲು ಗ್ರಾಹಕ ಸೇವೆಗೇ ಫೋನ್ ಮಾಡಬೇಕಂತೆ. ಭಾನುವಾರ ಬೆಳಿಗ್ಗೆ ಇವರೂ ಮನೆಯಲ್ಲಿದ್ದಾಗ ಮಾಡಿದೆ. ಸಿಕ್ಕವಳು ಯೋಗಿತಾಳೇ.

“ಯಾರು ಮಾತಾಡುತ್ತಿದ್ದೀರಿ ಮ್ಯಾಡಮ್?”

“ನೀಲಗಂಗಾ.”

ಕೀಲಿಗಳ ಸದ್ದು. “ಕ್ಷಮಿಸಿ ಮ್ಯಾಡಮ್, ಈ ನಂಬರಿನ ಖಾತೆ ಆ ಹೆಸರಿನಲ್ಲಿಲ್ಲ. ಗ್ರಾಹಕರ ಸುರಕ್ಷತೆಯ ದೃಷ್ಟಿಯಿಂದ ನಿಮ್ಮೊಂದಿಗೆ ಮಾತಾಡಲು ಬರುವುದಿಲ್ಲ.”

“ಅಲ್ಲಮ್ಮಾ, ಆವತ್ತು ನನ್ನ ಹೆಸರನ್ನು ಓದಿ ಹೇಳಿದವಳೇ ನೀನು!”

“ಅದು ಪಾಸ್‌ವರ್ಡ್ ಆಗಿತ್ತು ಮ್ಯಾಡಮ್. ಹೆಸರಲ್ಲ.”

ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದಲೇ ಬಂತು. ಫೋನ್ ಎಸೆಯಬೇಕೆಂದಿದ್ದೆ. ಪೇಪರ್ ಓದುತ್ತಿದ್ದ ಇವರು ಎದ್ದು ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಮರಾಠಿ ಬಲ್ಲ ಮನುಷ್ಯ, ಆದರೆ ಸಿಟ್ಟಿಗೆ ಕನ್ನಡವೇ ಬಂತು.

“ಏ ತಂಗಿ, ಕೇಳಿಲ್ಲೆ. ಅಕಿ ಹೆಸರ ನೀಲಗಂಗಾನ ಐತಿ. ಸ್ನೇಹಲ ಅನ್ನೂದು ನಾ ಬರದ ಇಟ್ಟದ್ದು. ಬರದಾಂವ ನಾನ, ಈಗ ಅಳಸಾಂವನೂ ನಾನ. ನೀಲಗಂಗಾ ಅಂತ ಬರಕೋ.”

ಅದನ್ನೇ ಮತ್ತೆ ಮರಾಠಿಯಲ್ಲಿ ಹೇಳಿದರು. ಯೋಗಿತಾ ಸಾವಕಾಶ ಕೇಳಿಸಿಕೊಂಡಳು.

“ಸರ್, ನೀವು ಖಾತೆದಾರರೇ?”

“ಅಲ್ಲ. ಗಂಡ.”

“ಹಾಗಾದರೆ ಬರುವುದಿಲ್ಲ ಸರ್. ಹೆಸರು ಬದಲಿಸಬೇಕಾದರೆ ಈಗಿನ ಪಾಸ್‌ವರ್ಡ್ ಹೇಳಬೇಕು.”

ಇವರು ಫೋನಿಗೆ ಅಂಗೈ ಅಡ್ಡ ಹಿಡಿದರು. ನನ್ನ ಕಡೆ ತಿರುಗಿ, ಹೊಸ ಚಪ್ಪಲಿ ಹಾಕಿಕೊಂಡವರು ಮೊದಲ ಹೆಜ್ಜೆ ಇಡುವಂತೆ ತಡೆತಡೆದು ಕೇಳಿದರು.

“ನೀಲಗಂಗಾ, ಪಾಸವರ್ಡ್ ಏನ ಇಟ್ಟೀದಿ?”

ಎಷ್ಟೋ ವರ್ಷ ಕಾದ ಕರೆ. ಓಗೊಟ್ಟೆ. ಆದರೆ ಪಾಸ್‌ವರ್ಡ್ ಹೇಳಲಿಲ್ಲ.